ಮಲ್ಪೆ ದಕ್ಕೆಯಿಂದ ಕರೆಂಟ್ ಅಫೇರ್ಸ್: ಬಲೆ ಮೊದಲು ಬಂತು, ಟ್ರಾನ್ಸ್‌ಪಾಂಡರ್ ಕೊನೆಗೆ ಬಂತು

ಪಿಡಿಒ ಇರಲಿ, ಪಿಎಸ್‌ಐ ಇರಲಿ, ಕೆಎಎಸ್ ಇರಲಿ, ಪರೀಕ್ಷೆಗೆ ಓದುವವರ ಮೊಬೈಲಿಗೆ ದಿನಾ ಬೆಳಿಗ್ಗೆ ಒಂದು ಪಿಡಿಎಫ್ ಬಂದು ಬೀಳುತ್ತದೆ. ಅದರಲ್ಲಿ ಒಂದೊಂದು ಸಾಲಿನ ಮಾಹಿತಿ. ಮತ್ಸ್ಯ ಸಂಪದ ಯೋಜನೆ, 20,050 ಕೋಟಿ ರೂಪಾಯಿ. ನಾವಿಕ್, ಇಸ್ರೋ. ಮೀನುಗಾರಿಕಾ ಸಬ್ಸಿಡಿ ಒಪ್ಪಂದ, ವಿಶ್ವ ವ್ಯಾಪಾರ ಸಂಸ್ಥೆ. ಬಾಯಿಪಾಠ ಮಾಡುತ್ತೇವೆ, ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತೇವೆ.

ಕರಾವಳಿಯ ನಮಗೆ ಈ ಸಾಲುಗಳು ದೂರದ ದೆಹಲಿ, ಜಿನೀವಾದ ಸುದ್ದಿಗಳಲ್ಲ. ಒಂದೊಂದು ಸಾಲಿನ ಹಿಂದೆಯೂ ಮಲ್ಪೆಯಂಥ ಬಂದರಿನಲ್ಲಿ ನಡೆದ ಒಂದು ಜಗಳವೋ, ಒಂದು ಲಾಭವೋ, ಒಂದು ಸಾವೋ ಇದೆ. ಎಪ್ಪತ್ತು ವರ್ಷಗಳ ಆ ಕಥೆಯನ್ನು ಕ್ರಮವಾಗಿ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಮೀನು ಹಿಡಿಯುವ ತಂತ್ರಜ್ಞಾನ ಎಲ್ಲಕ್ಕಿಂತ ಮೊದಲು ಬಂತು. ಮೀನು ಉಳಿಸುವ ಕಾನೂನು ಅದರ ಹಿಂದೆ ಬಂತು. ಮೀನುಗಾರನನ್ನು ಉಳಿಸುವ ಸಾಧನ ಎಲ್ಲಕ್ಕಿಂತ ಕೊನೆಗೆ ಬಂತು.

ರಂಪಣಿಯ ಕಾಲ, ನಾರ್ವೆಯ ಬೋಟ್

ಯಾಂತ್ರಿಕ ಬೋಟ್ ಬರುವ ಮೊದಲು ನಮ್ಮ ಕಡಲಿನ ದೊಡ್ಡ ಬಲೆ ಎಂದರೆ ರಂಪಣಿ. ದೋಣಿಯಲ್ಲಿ ಬಲೆ ಒಯ್ದು ದಡದ ಹತ್ತಿರ ಬಂದ ಬಂಗುಡೆ, ಬೂತಾಯಿಯ ಹಿಂಡನ್ನು ಅರ್ಧಚಂದ್ರದ ಹಾಗೆ ಸುತ್ತುವರಿಯುತ್ತಿದ್ದರು. ಆಮೇಲೆ ಎರಡೂ ತುದಿಯನ್ನು ದಡದಲ್ಲಿ ನಿಂತು ಎಳೆಯುತ್ತಿದ್ದರು. ಹತ್ತಾರು ಮನೆಯವರ ಕೈ ಸೇರದೆ ಆ ಬಲೆ ಮೇಲೆ ಬರುತ್ತಿರಲಿಲ್ಲ. ಹಾಗಾಗಿ ಹಿಡಿದದ್ದು ಪಾಲಾಗಿ ಹತ್ತಾರು ಮನೆಗೆ ಹೋಗುತ್ತಿತ್ತು. ಮೀನು ದಡಕ್ಕೆ ಬಂದರೆ ಊಟ, ಬಾರದ ವರ್ಷ ಸಾಲ.

1952ರ ಅಕ್ಟೋಬರ್‌ನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ಇಂಡೋ-ನಾರ್ವೇಜಿಯನ್ ಯೋಜನೆ. ಕೊಲ್ಲಂ ಪಕ್ಕದ ನೀಂಡಕರದಲ್ಲಿ ಶುರುವಾಗಿ ಮುಂದೆ ನಮ್ಮ ಕಾರವಾರಕ್ಕೂ ಬಂತು. ಇಂಜಿನ್ ಹಾಕಿದ ಬೋಟ್, ಐಸ್, ಶೈತ್ಯಾಗಾರ, ಟ್ರಾಲ್ ಬಲೆ ಈ ದಾರಿಯಲ್ಲಿ ಪಶ್ಚಿಮ ಕರಾವಳಿಯಲ್ಲಿ ಹರಡಿದವು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಸಿಕ್ಕಿದ ಮೇಲೆ ಟ್ರಾಲ್‌ಬೋಟ್‌ಗಳು ಹೆಚ್ಚಿದವು. 1972ರಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಪಿಇಡಿಎ, ಸ್ಥಾಪನೆಯಾಯಿತು. ಕೇಂದ್ರ ಕಚೇರಿ ಕೊಚ್ಚಿ.

ಪರ್ಸೀನ್ ಜಗಳ ಮತ್ತು 1986ರ ಕಾಯ್ದೆ

1970ರ ದಶಕದ ನಡುವೆ ಕರಾವಳಿಗೆ ಪರ್ಸೀನ್ ಬಲೆ ಬಂತು. ಬೋಟ್ ಕಡಲಿನಲ್ಲೇ ಹಿಂಡನ್ನು ಸುತ್ತುತ್ತದೆ, ಕೆಳಗಿನ ಹಗ್ಗ ಎಳೆದರೆ ಚೀಲದ ಬಾಯಿ ಕಟ್ಟಿದ ಹಾಗೆ ಬಲೆ ಮುಚ್ಚಿಕೊಳ್ಳುತ್ತದೆ. ಮೀನು ದಡಕ್ಕೆ ಬರುವವರೆಗೆ ಕಾಯಬೇಕಾಗಿಲ್ಲ. ಇದರ ಹೊಡೆತ ಬಿದ್ದದ್ದು ದಡದಲ್ಲಿ ಕಾಯುವ ರಂಪಣಿಯವರಿಗೆ. ಕೆಲವೇ ವರ್ಷಗಳಲ್ಲಿ ರಂಪಣಿ ಹಿಂದೆ ಸರಿಯಿತು. ಸಂಘರ್ಷ, ಪ್ರತಿಭಟನೆ ನಡೆದವು. ಒಂದು ಕಾಲದಲ್ಲಿ ಬಲೆಯ ಪಾಲುದಾರರಾಗಿದ್ದ ಎಷ್ಟೋ ಮಂದಿ ಬೋಟಿನ ಕೆಲಸದವರಾದರು.

ಈ ಹಿನ್ನೆಲೆಯಲ್ಲಿ ಬಂದದ್ದು 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ. ಬಲೆ ಬಂದು ಸುಮಾರು ಹತ್ತು ವರ್ಷವಾದ ಮೇಲೆ ಕಾನೂನು ಬಂತು ಎಂಬುದನ್ನು ಗಮನಿಸಿ.

ಇಲ್ಲಿ ಸಂವಿಧಾನದ ಒಂದು ಅಂಶ ಪರೀಕ್ಷೆಗೂ ಬೇಕು, ಬದುಕಿಗೂ ಬೇಕು. ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 21ನೇ ವಿಷಯ ಮೀನುಗಾರಿಕೆ. ಕೇಂದ್ರ ಪಟ್ಟಿಯ 57ನೇ ವಿಷಯ ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆ. 1976ರ ಸಾಗರ ವಲಯಗಳ ಕಾಯ್ದೆಯಂತೆ ಪ್ರಾದೇಶಿಕ ಜಲ 12 ನಾಟಿಕಲ್ ಮೈಲು, ವಿಶೇಷ ಆರ್ಥಿಕ ವಲಯ 200 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಎಂದರೆ 1.852 ಕಿಲೋಮೀಟರ್. ಅಂದರೆ ದಡದಿಂದ ಸುಮಾರು 22 ಕಿಲೋಮೀಟರ್ ತನಕ ಬೆಂಗಳೂರಿನ ಕಾನೂನು, ಅದರಾಚೆ ದೆಹಲಿಯ ಕಾನೂನು. ಮಲ್ಪೆಯ ಆಳಸಮುದ್ರ ಬೋಟ್ ಒಂದೇ ಪ್ರಯಾಣದಲ್ಲಿ ಈ ಗೆರೆ ದಾಟಿ ಹೋಗುತ್ತದೆ, ದಾಟಿ ಬರುತ್ತದೆ. ನೀರಿನ ಮೇಲೆ ಗೆರೆ ಕಾಣುವುದಿಲ್ಲ.

ಎಲ್‌ಇಡಿ ದೀಪದ ವಿಷಯವೂ ಇದೇ ಸಾಲಿಗೆ ಸೇರುತ್ತದೆ. ರಾತ್ರಿ ಪ್ರಖರ ಬೆಳಕು ಹಾಕಿದರೆ ಮೀನು ಬೆಳಕಿಗೆ ಬಂದು ಗುಂಪುಗೂಡುತ್ತದೆ, ದೊಡ್ಡದರ ಜೊತೆ ಮರಿಯೂ ಬಲೆಗೆ ಬೀಳುತ್ತದೆ. 2017ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ವಿಶೇಷ ಆರ್ಥಿಕ ವಲಯದಲ್ಲಿ ಎಲ್‌ಇಡಿ ಮೀನುಗಾರಿಕೆ ಹಾಗೂ ಜೋಡಿ ಬೋಟ್ ಕಟ್ಟಿ ಎಳೆಯುವ ಬುಲ್ ಟ್ರಾಲಿಂಗ್ ನಿಷೇಧಿಸಿತು.

ಮಳೆಗಾಲದ ರಜೆ ಯಾಕೆ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ನಮ್ಮಲ್ಲಿ 10 ಅಶ್ವಶಕ್ತಿಯವರೆಗಿನ ಇಂಜಿನ್ ಇರುವ ನಾಡದೋಣಿಗೆ ವಿನಾಯಿತಿ ಇದೆ.

ಪರೀಕ್ಷೆಯಲ್ಲಿ ದಿನಾಂಕ ಕೇಳುತ್ತಾರೆ. ಕಾರಣ ಗೊತ್ತಿದ್ದರೆ ದಿನಾಂಕ ಮರೆಯುವುದಿಲ್ಲ. ನೈಋತ್ಯ ಮುಂಗಾರಿನ ಗಾಳಿಗೆ ನಮ್ಮ ಕರಾವಳಿಯಲ್ಲಿ ಕಡಲಿನ ಮೇಲಿನ ನೀರು ಸರಿದು, ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಅದರಿಂದ ಸಸ್ಯಪ್ಲವಕ ಹೆಚ್ಚುತ್ತದೆ. ಬೂತಾಯಿ ತಿನ್ನುವುದು ಅದನ್ನೇ. ಹಲವು ಜಾತಿಯ ಮೀನು ಮೊಟ್ಟೆ ಇಡುವುದೂ ಇದೇ ಹೊತ್ತಿಗೆ. ಕಡಲು ಪ್ರಕ್ಷುಬ್ಧವಾಗಿರುವುದು ಇನ್ನೊಂದು ಕಾರಣ.

ಇದನ್ನೆಲ್ಲ ಲೆಕ್ಕ ಇಡುವ ಸಂಸ್ಥೆ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ. 1947ರ ಫೆಬ್ರವರಿಯಲ್ಲಿ ಶುರುವಾದದ್ದು, ಈಗ ಕೇಂದ್ರ ಕಚೇರಿ ಕೊಚ್ಚಿ. ಅದರ ಲೆಕ್ಕದಲ್ಲಿ ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ನೂರರಲ್ಲಿ ಒಂದು ಪಾಲೂ ಅಲ್ಲ. ಎಲ್ ನಿನೊದಂಥ ಹವಾಮಾನ ಬದಲಾವಣೆಯಿಂದ ಕಡಲಿನ ಶಾಖ ಏರುಪೇರಾದದ್ದನ್ನೂ, ಮರಿಮೀನು ಹಿಡಿದದ್ದನ್ನೂ ವಿಜ್ಞಾನಿಗಳು ಕಾರಣವಾಗಿ ತೋರಿಸುತ್ತಾರೆ. ಬೂತಾಯಿ ರಾಜ್ಯದ ಗಡಿ ನೋಡಿ ಈಜುವುದಿಲ್ಲ. ಅಲ್ಲಿನ ಕೊರತೆ ಇಲ್ಲಿನ ದಕ್ಕೆಯಲ್ಲೂ ತಿಳಿಯುತ್ತದೆ.

ಮೀನು ಎಲ್ಲಿದೆ ಎಂದು ಹೇಳುವ ಉಪಗ್ರಹವೂ ಇದೆ. ಹೈದರಾಬಾದಿನ ಇಂಕಾಯಿಸ್ ಸಂಸ್ಥೆ 1999ರಲ್ಲಿ ಸ್ಥಾಪನೆಯಾಯಿತು, ಭೂವಿಜ್ಞಾನ ಸಚಿವಾಲಯದಡಿ ಬರುತ್ತದೆ. ಕಡಲ ಮೇಲ್ಮೈಯ ಶಾಖ ಮತ್ತು ನೀರಿನ ಹಸಿರು ಬಣ್ಣ ನೋಡಿ ಸಂಭಾವ್ಯ ಮೀನು ವಲಯದ ಮಾಹಿತಿ ಕೊಡುತ್ತದೆ. ಆ ಬಣ್ಣವನ್ನು ಅಳೆಯುವುದು ಇಸ್ರೋದ ಓಷನ್‌ಸ್ಯಾಟ್ ಸರಣಿ. ಮೊದಲನೆಯದು 1999ರ ಮೇ 26, ಎರಡನೆಯದು 2009ರ ಸೆಪ್ಟೆಂಬರ್ 23, ಮೂರನೆಯದು ಇಒಎಸ್-06 ಎಂಬ ಹೆಸರಿನಲ್ಲಿ 2022ರ ನವೆಂಬರ್ 26. ಇದೂ ಮೊದಲಿಗೆ ಹಿಡಿಯಲು ನೆರವಾಗುವ ತಂತ್ರಜ್ಞಾನವೇ.

ದುಡ್ಡಿನ ಲೆಕ್ಕ

ನಮ್ಮ ಜಿಲ್ಲೆಗೆ ಬ್ಯಾಂಕಿನ ಚರಿತ್ರೆ ಹೊಸತಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದರು. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಅವರು ಕಟ್ಟಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದರ 1928ರ ಪಿಗ್ಮಿ ಯೋಜನೆ ದಿನಕ್ಕೆ ಎರಡಾಣೆ ಉಳಿಸುವವರ ಮನೆ ಬಾಗಿಲಿಗೆ ಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು.

ಬೋಟ್ ಮಾತ್ರ ಪಿಗ್ಮಿಯ ದುಡ್ಡಿನಲ್ಲಿ ಆಗುವುದಿಲ್ಲ. ಬೋಟ್, ಬಲೆ, ಐಸ್, ಡೀಸೆಲ್ ಎಲ್ಲಕ್ಕೂ ದೊಡ್ಡ ಬಂಡವಾಳ ಬೇಕು. ಮೀನು ದೂರ ಹೋದಷ್ಟೂ ಡೀಸೆಲ್ ಹೆಚ್ಚು ಉರಿಯುತ್ತದೆ. ಹಾಗಾಗಿ ರಾಜ್ಯ ಸರಕಾರ ಕರರಹಿತ ಡೀಸೆಲ್ ಕೊಡುತ್ತದೆ. 2018-19ರ ಕೇಂದ್ರ ಬಜೆಟ್ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನುಗಾರರಿಗೂ ವಿಸ್ತರಿಸಿತು. 2019ರಲ್ಲಿ ಕೇಂದ್ರದಲ್ಲಿ ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಚಿವಾಲಯ ಬೇರೆಯಾಯಿತು. 2020ರಲ್ಲಿ ಮತ್ಸ್ಯ ಸಂಪದ ಯೋಜನೆ ಬಂತು. 2023-24ರ ರಾಜ್ಯ ಬಜೆಟ್ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50,000 ರೂಪಾಯಿಯಿಂದ 3 ಲಕ್ಷಕ್ಕೆ ಏರಿಸಿತು.

ಈ ಡೀಸೆಲ್ ಲೆಕ್ಕವೇ ಜಿನೀವಾದಲ್ಲೂ ಚರ್ಚೆಯಾಗುತ್ತದೆ. 2022ರ ಜೂನ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ 12ನೇ ಸಚಿವರ ಸಮ್ಮೇಳನದಲ್ಲಿ ಸಬ್ಸಿಡಿ ಒಪ್ಪಂದ ಅಂಗೀಕಾರವಾಯಿತು. 2025ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ ಮತ್ತು ಈಗಾಗಲೇ ಕ್ಷೀಣಿಸಿದ ಮೀನು ಸಂಪತ್ತನ್ನು ಹಿಡಿಯಲು ಸಬ್ಸಿಡಿ ಕೊಡಬಾರದು ಎನ್ನುತ್ತದೆ ಅದು. ಅತಿ ಮೀನುಗಾರಿಕೆಗೆ ದಾರಿ ಮಾಡುವ ಇತರ ಸಬ್ಸಿಡಿಗಳ ಮಾತುಕತೆ ಬೇರೆಯಾಗಿ ನಡೆದಿದೆ. ಅದರಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷ ಕಾಲಾವಕಾಶ ಬೇಕು ಎಂಬುದು ಭಾರತದ ವಾದ. ದೂರದ ಕಡಲಲ್ಲಿ ದೊಡ್ಡ ಹಡಗು ಓಡಿಸಿದ ಶ್ರೀಮಂತ ದೇಶಗಳನ್ನೂ ನಮ್ಮ ನಾಡದೋಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಅದರ ಸಾರ.

ಇನ್ನೊಂದು ಸ್ವಾರಸ್ಯ ನಮ್ಮ ದಕ್ಕೆಯ ಪಕ್ಕದಲ್ಲೇ ಇದೆ. ಮಲ್ಪೆಯ ಟೆಬ್ಮಾ ಶಿಪ್‌ಯಾರ್ಡ್ ನಷ್ಟದಲ್ಲಿ ಮುಚ್ಚುವ ಸ್ಥಿತಿಗೆ ಬಂದಾಗ, 2016ರ ದಿವಾಳಿ ಸಂಹಿತೆಯಡಿ ಅದನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. 2022ರಲ್ಲಿ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಆಯಿತು. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪೆನಿ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗು ಕಟ್ಟಲು ಇದಕ್ಕೇ ಗುತ್ತಿಗೆ ಕೊಟ್ಟಿತು. ನಮ್ಮ ಕರಾವಳಿಗೆ ಬೋಟ್ ಕಟ್ಟುವುದನ್ನು ಕಲಿಸಲು ಬಂದ ದೇಶಕ್ಕೆ ಈಗ ಮಲ್ಪೆ ಹಡಗು ಕಟ್ಟುತ್ತಿದೆ.

ಕೊನೆಗೆ ಬಂದ ಸಾಧನ

ಮುಂಬೈ ದಾಳಿಯ ಉಗ್ರರು 2008ರ ನವೆಂಬರ್‌ನಲ್ಲಿ ಬಂದದ್ದು ಗುಜರಾತಿನ ಕುಬೇರ್ ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು. ಆಮೇಲೆ 20 ಮೀಟರಿಗಿಂತ ಉದ್ದದ ಬೋಟ್‌ಗೆ ಗುರುತು ಹೇಳುವ ಎಐಎಸ್ ಯಂತ್ರ ಕಡ್ಡಾಯವಾಯಿತು. ಅದು ಮುಖ್ಯವಾಗಿ ದೇಶದ ಕಾವಲಿಗೆ ಬಂದದ್ದು.

2017ರ ಕೊನೆಗೆ ಒಖಿ ಚಂಡಮಾರುತ ಬೀಸಿದಾಗ ಕೇರಳ, ತಮಿಳುನಾಡಿನ ಮೀನುಗಾರರು ಆಗಲೇ ಕಡಲಿನ ಮಧ್ಯದಲ್ಲಿದ್ದರು. ದಡದಿಂದ 10-12 ಕಿಲೋಮೀಟರ್ ಆಚೆ ಮೊಬೈಲ್ ಸಿಗುವುದಿಲ್ಲ. ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಇಂಕಾಯಿಸ್‌ನ ಜೆಮಿನಿ ಸಾಧನ ಬಂತು. ಗಗನ್ ಉಪಗ್ರಹ ವ್ಯವಸ್ಥೆಯಿಂದ ಬಂದ ಎಚ್ಚರಿಕೆಯನ್ನು ಮೊಬೈಲಿಗೆ ಕೊಡುತ್ತದೆ. ಆದರೆ ಸಂದೇಶ ಒಂದೇ ದಿಕ್ಕಿನದು. ತಂಡೇಲನಿಗೆ ಕೇಳುತ್ತದೆ, ಅವನು ಹೇಳುವಂತಿಲ್ಲ.

ಹೇಳಲಾಗದಿದ್ದರೆ ಏನಾಗುತ್ತದೆ ಎಂಬುದು ಮಲ್ಪೆಗೆ ಗೊತ್ತಾಗಿತ್ತು. 2018ರ ಡಿಸೆಂಬರ್ 13ರಂದು ಸುವರ್ಣ ತ್ರಿಭುಜ ಬೋಟ್ ಏಳು ಮಂದಿಯೊಂದಿಗೆ ಇಲ್ಲಿಂದ ಹೊರಟಿತು. ಎರಡೇ ದಿನದಲ್ಲಿ ಸಂಪರ್ಕ ಕಡಿಯಿತು. ಇಬ್ಬರು ನಮ್ಮ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಹುಡುಕಾಟ ನಡೆಯಿತು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದರು. ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ ಕಡಲ ತಳದಲ್ಲಿ ಅವಶೇಷ ಪತ್ತೆ ಮಾಡಿತು. ಬೋಟ್ ಸಿಕ್ಕಿತು, ಏಳು ಮಂದಿ ಸಿಗಲಿಲ್ಲ.

ಆ ಹೊತ್ತಿಗೆ ನಾವಿಕ್ ಸರಣಿಯ ಏಳು ಉಪಗ್ರಹಗಳು ಮೇಲೆ ಹೋಗಿ ಎರಡೂವರೆ ವರ್ಷ ಕಳೆದಿತ್ತು. ಹೆಸರಿಟ್ಟದ್ದು 2016ರ ಏಪ್ರಿಲ್ 28ರಂದು. ಆಕಾಶದಲ್ಲಿ ತಂತ್ರಜ್ಞಾನ ಇತ್ತು, ಬೋಟಿನಲ್ಲಿ ಇರಲಿಲ್ಲ.

ಎರಡೂ ದಿಕ್ಕಿಗೆ ಸಂದೇಶ ಹೋಗುವ, ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಅಳವಡಿಕೆಗೆ ರಾಷ್ಟ್ರಮಟ್ಟದ ಚಾಲನೆ ಸಿಕ್ಕಿದ್ದು 2024ರ ಆಗಸ್ಟ್ 30ರಂದು, ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ. ಗುರಿ 1 ಲಕ್ಷ ಬೋಟ್, ವೆಚ್ಚ ಸುಮಾರು 360 ಕೋಟಿ ರೂಪಾಯಿ. ಮೊಬೈಲ್ ಸಿಗದ ಕಡೆಯಿಂದಲೂ ಅಪಾಯದ ಸಂದೇಶ ಕಳುಹಿಸಬಹುದು. ನಾರ್ವೆಯ ಒಪ್ಪಂದಕ್ಕೂ ಇದಕ್ಕೂ ನಡುವೆ 72 ವರ್ಷ.

ಅಭ್ಯಾಸಕ್ಕೆ

ಮುಂದಿನ ಪ್ರಶ್ನೆಗಳಿಗೆ ಉತ್ತರ ಮೇಲೆಯೇ ಇದೆ. ನೋಡದೆ ಬರೆಯಿರಿ.

1. ದಡದಿಂದ 30 ನಾಟಿಕಲ್ ಮೈಲು ದೂರದಲ್ಲಿ ಎಲ್‌ಇಡಿ ದೀಪ ಹಾಕಿದ ಬೋಟ್‌ಗೆ ಯಾರ ಕಾನೂನು ಅನ್ವಯ? ಯಾಕೆ?

2. ಜೆಮಿನಿಗೂ ಟ್ರಾನ್ಸ್‌ಪಾಂಡರ್‌ಗೂ ಇರುವ ಒಂದು ಮುಖ್ಯ ವ್ಯತ್ಯಾಸವೇನು?

3. ಪಶ್ಚಿಮ ಕರಾವಳಿಯ ನಿಷೇಧ ಜೂನ್, ಜುಲೈನಲ್ಲೇ ಇರಲು ಎರಡು ಕಾರಣ ಕೊಡಿ.

4. ಡೀಸೆಲ್ ಸಬ್ಸಿಡಿ ನಿಲ್ಲಿಸಿದರೆ ಕಡಲಿಗೆ ಲಾಭ, ಮೀನುಗಾರನಿಗೆ ನಷ್ಟ ಎಂಬ ಮಾತನ್ನು 200 ಪದಗಳಲ್ಲಿ ಚರ್ಚಿಸಿ.

ನಾಲ್ಕನೆಯದಕ್ಕೆ ಪಿಡಿಎಫ್‌ನಲ್ಲಿ ಉತ್ತರ ಸಿಗುವುದಿಲ್ಲ. ಮನೆಯಲ್ಲಿ ಬೋಟಿಗೆ ಹೋಗುವವರಿದ್ದರೆ ಅವರನ್ನೇ ಕೇಳಿ. ಒಂದು ಪ್ರಯಾಣಕ್ಕೆ ಎಷ್ಟು ಡೀಸೆಲ್, ಎಷ್ಟು ಐಸ್, ಎಷ್ಟು ದಿನ, ಎಷ್ಟು ಪಾಲು ಎಂದು ಬರೆದುಕೊಳ್ಳಿ. ಹಾಗೆಯೇ ಬೋಟಿಗೆ ಟ್ರಾನ್ಸ್‌ಪಾಂಡರ್ ಹಾಕಿದ್ದಾರೆಯೇ, ಹಾಕಿದ್ದು ಕೆಲಸ ಮಾಡುತ್ತಿದೆಯೇ ಎಂದೂ ಕೇಳಿ. ಇದು ಪರೀಕ್ಷೆಯಲ್ಲಿ ಬರಲಿ ಬಿಡಲಿ, ಮುಂದಿನ ಬಾರಿ ಅವರು ಕಡಲಿಗೆ ಇಳಿಯುವ ಮೊದಲು ಕೇಳಲೇಬೇಕಾದ ಪ್ರಶ್ನೆ.