ಹೆಂಗಸರು ತುಳಿದ ದಾರಿ

ಏಳನೆಯ ಇಯತ್ತೆಯ ಮಕ್ಕಳಿಗೆ ಇತಿಹಾಸ ಹೇಳುವಾಗ ರಸ್ತೆಗಳ ಮಾತು ಬಂದೇ ಬರುತ್ತದೆ. ಅಶೋಕ ಸಾಲುಮರ ನೆಡಿಸಿದ, ಶೇರ್‌ಶಹ ಹೆದ್ದಾರಿ ಮಾಡಿಸಿದ, ಇಂಗ್ಲಿಷರು ರೈಲು ಹಾಕಿದರು. ರಸ್ತೆಗೆ ಮಾಡಿಸಿದವನ ಹೆಸರಿದೆ, ಇಸವಿ ಇದೆ, ಪರೀಕ್ಷೆಯಲ್ಲಿ ಅಂಕಗಳೂ ಇವೆ. ಊರಿನಿಂದ ಗುಡ್ಡಕ್ಕೆ, ಗುಡ್ಡದಿಂದ ಅಡವಿಗೆ ಹೋಗುವ ಕಾಲುದಾರಿಗೆ ಇವು ಯಾವುವೂ ಇಲ್ಲ. ಅದನ್ನು ಯಾರೂ ಮಾಡಿಸಲಿಲ್ಲ. ದಿನಾ ನಡೆದವರ ಕಾಲಡಿಯಲ್ಲಿ ತಾನಾಗಿ ಮೂಡಿತು. ಹಾಗೆ ನಡೆದವರಲ್ಲಿ ಹೆಂಗಸರೇ ಬಹಳ.

ನಮ್ಮ ಧಾರವಾಡ ಎರಡು ಸೀಮೆಗಳ ನಡುವೆ ಕುಳಿತ ಊರು. ಮೂಡಲಿಗೆ ನವಲಗುಂದ, ಅಣ್ಣಿಗೇರಿಯ ಎರೆಹೊಲ. ಪಡುವಲಿಗೆ ಕಲಘಟಗಿ, ಅಳ್ನಾವರ, ಹಳಿಯಾಳದ ಅಡವಿ. ಪಡುವಲ ಕಡೆಯ ಹಳ್ಳಿಗಳಿಂದ ಹೆಂಗಸರು ಕಟಗಿ ಹೊರೆ ಹೊತ್ತು ಪ್ಯಾಟಿಗೆ ಬರುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. ಅಡವಿಯಂಚಿನಲ್ಲಿ ಎಮ್ಮೆ ಕಟ್ಟಿಕೊಂಡ ಗೌಳಿಗರ ಹಾಲೂ ಅದೇ ಕಡೆಯಿಂದ ಬರುತ್ತಿತ್ತು. ಊರಿನ ಒಲೆ ಉರಿದದ್ದು, ಚಹಾ ಕುದಿದದ್ದು ಆ ದಾರಿಗಳಿಂದಲೇ ಎಂದರೆ ತಪ್ಪಲ್ಲ.

ಕಲಘಟಗಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಕೆಲವು ವರ್ಷ ಶಿಕ್ಷಕಿಯಾಗಿದ್ದೆ. ಶಾಲೆಯ ಹಿಂದಿನ ಗುಡ್ಡದಲ್ಲಿ ನನ್ನ ಕಣ್ಣಿಗೆ ಎಲ್ಲ ದಾರಿಯೂ ಒಂದೇ ತರಹ ಕಾಣುತ್ತಿತ್ತು. ಅಲ್ಲಿಯ ಒಬ್ಬ ಅಜ್ಜಿ ಬಿಡಿಸಿ ಹೇಳಿದಳು: “ಇದು ನೀರಿನ ದಾರಿ ಅಕ್ಕೋರ. ಅದು ದನದ ದಾರಿ. ಆ ಮಾವಿನ ಗಿಡದ ಮಗ್ಗಲಿಂದ ಹೊಂಟೈತಲ್ಲ, ಅದು ತವರಮನಿ ದಾರಿ.” ಯಾರ ತವರುಮನೆ ಎಂದು ಕೇಳಿದೆ. “ಎಲ್ಲಾರದೂ. ಈ ಊರಿಗೂ ಆ ಊರಿಗೂ ಹೆಣ್ಣು ಕೊಟ್ಟು ತಂದು ಮಾಡ್ತಾರಲ್ರೀ. ಪಂಚಮಿಗೆ ಹಿಂಗ ಹಾದು ಹೋಗೋದು” ಎಂದಳು. ಆ ಎರಡು ಊರುಗಳ ನೆಂಟಸ್ತಿಕೆ ಎಷ್ಟು ಹಳೆಯದೋ ಆ ದಾರಿಯೂ ಅಷ್ಟೇ ಹಳೆಯದು. ಇತಿಹಾಸ ಎಂದರೆ ಇದೂ ಹೌದಲ್ಲವೆ?

ಇಂಥ ದಾರಿಗಳು ಕಾಗದದಲ್ಲಿ ಪೂರಾ ಇಲ್ಲವೇ ಇಲ್ಲ ಎಂದಲ್ಲ. ಗ್ರಾಮ ನಕಾಶೆ ತೆಗೆದು ನೋಡಿದರೆ ಕಾಲುದಾರಿಗೆ ಒಂದು ಚುಕ್ಕೆಗೆರೆ, ಬಂಡಿದಾರಿಗೆ ಎರಡು ಚುಕ್ಕೆಗೆರೆ ಕಾಣುತ್ತವೆ. ನಕಾಶೆಯಲ್ಲಿ ಬಾರದ ದಾರಿಗೂ ಕಾನೂನಿನಲ್ಲಿ ಒಂದು ಆಸರೆ ಇದೆ. 1882ರ ಈಸ್‌ಮೆಂಟ್ ಕಾಯಿದೆ 1891ರಲ್ಲಿ ಮುಂಬಯಿ ಪ್ರಾಂತಕ್ಕೂ, ಅಂದರೆ ಆಗಿನ ನಮ್ಮ ಧಾರವಾಡ ಜಿಲ್ಲೆಗೂ ಅನ್ವಯವಾಯಿತು. ಇನ್ನೊಬ್ಬರ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ, ಜಗಳವಿಲ್ಲದೆ, ತಡೆಯಿಲ್ಲದೆ 20 ವರ್ಷ ಹಕ್ಕಿನಿಂದ ನಡೆದಿದ್ದರೆ ಹಾದುಹೋಗುವ ಹಕ್ಕು ಬರುತ್ತದೆ ಎನ್ನುತ್ತದೆ ಅದು. ಜಾಗ ಸರಕಾರದ್ದಾದರೆ ಈಗ 30 ವರ್ಷ. ಅದೇ ಕಾಯಿದೆ ಇನ್ನೊಂದು ಮಾತನ್ನೂ ಹೇಳುತ್ತದೆ: 20 ವರ್ಷ ಬಳಸದೆ ಬಿಟ್ಟರೆ ಹಕ್ಕು ಹೋಗುತ್ತದೆ. ಕಾಲು ನಡೆದರೆ ಹಕ್ಕು, ನಿಂತರೆ ಇಲ್ಲ.

ಅಡವಿಯೊಳಗಿನ ಲೆಕ್ಕ ಬೇರೆ. ಅರಣ್ಯ ಕಾಯಿದೆಯ ಪ್ರಕಾರ ಮೀಸಲು ಅರಣ್ಯದ ದಾರಿಯನ್ನು ಸರಕಾರದ ಒಪ್ಪಿಗೆ ಪಡೆದು ಅಧಿಕಾರಿ ಮುಚ್ಚಬಹುದು. ಬದಲಿಗೆ ಅನುಕೂಲವಾದ ಇನ್ನೊಂದು ದಾರಿ ಇರಬೇಕು, ಇಲ್ಲವೆ ಮಾಡಿಕೊಡಬೇಕು. ಅನುಕೂಲವೋ ಅಲ್ಲವೋ ಎಂದು ತೀರ್ಮಾನಿಸುವುದು ಸರಕಾರ. ತಲೆಯ ಮೇಲೆ ಹೊರೆ ಹೊತ್ತವಳನ್ನು ಕೇಳಬೇಕೆಂದು ಅದರಲ್ಲಿ ಬರೆದಿಲ್ಲ.

ಇದೆಲ್ಲ ಬರೀ ಕಾಗದದ ಮಾತಲ್ಲ ಎಂಬುದು ನಮ್ಮ ಜಿಲ್ಲೆಗೇ 1980ರ ದಶಕದಲ್ಲಿ ಗೊತ್ತಾಯಿತು. 1984ರಲ್ಲಿ ಕರ್ನಾಟಕ ಸರಕಾರವೂ ಹರಿಹರ ಪಾಲಿಫೈಬರ್ಸ್ ಕಾರಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿದವು. ಕಾರಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಜಮೀನನ್ನು ಅದಕ್ಕೆ ಗೊತ್ತುಮಾಡಲಾಯಿತು. ಸರಕಾರಿ ಕಾಗದದಲ್ಲಿ ಇವಕ್ಕೆ ‘ಸಿ’ ಮತ್ತು ‘ಡಿ’ ದರ್ಜೆಯ ಜಮೀನು ಎಂದು ಹೆಸರು. ಓದಿದವರಿಗೆ ಬಂಜರು ಎನ್ನಿಸಬೇಕು. ಹಳ್ಳಿಯವರಿಗೆ ಅದು ದನ ಮೇಯುವ ಹುಲ್ಲುಗಾವಲು, ಕಟಗಿ ಆರಿಸುವ ಕುರುಚಲು, ಪಕ್ಕದ ಊರಿಗೆ ಹೋಗುವ ದಾರಿ. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಬೆಳೆದ ಬೊಡ್ಡೆ ಲಾರಿಯಲ್ಲಿ ಕಾರಖಾನೆಗೆ ಹೋಗುತ್ತದೆ. ಹತ್ತಿರದ ಗುಡ್ಡ ಹೋದರೆ ಕಟಗಿಗೆ ದೂರದ ಗುಡ್ಡವೇ ಗತಿ. ಆ ಹೆಚ್ಚಿನ ಹರದಾರಿ ಯಾರ ಕಾಲಿಗೆ ಬೀಳುತ್ತದೆಂದು ಓದುವ ಅಕ್ಕತಂಗಿಯರಿಗೆ ನಾನು ಹೇಳಬೇಕಾಗಿಲ್ಲ.

ಆಗ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮುಂದೆ ಬಂತು. ಎಸ್.ಆರ್. ಹಿರೇಮಠರು ಅದರ ಮುಂದಾಳು. ಶಿವರಾಮ ಕಾರಂತರೂ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ಮಾರ್ಚಿನಲ್ಲಿ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅಷ್ಟಾದರೂ ನೆಲದ ಮೇಲೆ ತೃಪ್ತಿಯಾಗಲಿಲ್ಲ. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನ ಕೂಡಿದರು. ಹಾನಗಲ್ಲ ಆಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾದಾಗ ಆ ಕಡೆಗೆ ಹೋಯಿತು. ಗಂಡಸರು, ಹೆಂಗಸರು, ಮಕ್ಕಳು ಡೊಳ್ಳು ಬಾರಿಸುವವರ ಹಿಂದೆ ಆ ಜಮೀನಿಗೆ ನಡೆದು ಹೋದರು. ಸುಮಾರು ನೂರು ನೀಲಗಿರಿ ಸಸಿ ಕಿತ್ತರು. ಆ ಜಾಗದಲ್ಲಿ ಹಣ್ಣಿನ, ಮೇವಿನ ಗಿಡಗಳನ್ನು ಹಚ್ಚಿದರು. ಅದಕ್ಕೇ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಎಂದು ಹೆಸರಾಯಿತು. ನಮ್ಮ ಕಡೆ ಗಿಡ ‘ನೆಡು’ ಅನ್ನುವುದಿಲ್ಲ, ‘ಹಚ್ಚು’ ಅನ್ನುತ್ತೇವೆ. ಹಣತೆಗೂ ಅದೇ ಮಾತು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು.

ನನಗೆ ಇದರಲ್ಲಿ ಎರಡು ಸಂಗತಿ ದೊಡ್ಡವಾಗಿ ಕಾಣುತ್ತವೆ. ಒಂದು, ಅವರು ಬರೀ ಕೀಳಲಿಲ್ಲ. ಕಿತ್ತ ಕುಣಿ ತುಂಬಿ ಬಂದರು. ಇನ್ನೊಂದು, ಆ ಬೊಡ್ಡೆಯಿಂದ ಆಗುತ್ತಿದ್ದುದು ರೇಯಾನ್ ನೂಲಿನ ತಿರುಳು. ಆ ಕಾಲದಲ್ಲಿ ನಾವು ಪ್ಯಾಟಿಯಲ್ಲಿ ಮುಟ್ಟಿ ಮುಟ್ಟಿ ನೋಡಿ ಕೊಂಡ ರೇಯಾನ್ ಬಟ್ಟೆಗೆ ಬೇಕಾದ ತಿರುಳು ಇಂಥ ತೋಪುಗಳಿಂದಲೇ ಹೊರಡುತ್ತಿತ್ತು. ಪಟ್ಟಣದ ಹೆಣ್ಣಿನ ಸೆರಗಿಗೂ ಹಳ್ಳಿಯ ಹೆಣ್ಣಿನ ದಾರಿಗೂ ಇಷ್ಟು ಹತ್ತಿರದ ನಂಟಿದೆ ಎಂದು ಯಾವ ಅಂಗಡಿಯವರೂ ಹೇಳುವುದಿಲ್ಲ.

ಇಂಗ್ಲೆಂಡಿನಲ್ಲಿ 1932ರಲ್ಲಿ ಕಾರಖಾನೆ ಊರುಗಳ ದುಡಿಯುವ ಹುಡುಗ ಹುಡುಗಿಯರು ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ, ಒಡೆಯರ ಕಾವಲು ಮೀರಿ, ನಡೆದು ಹತ್ತಿದರು. ಕೆಲವರಿಗೆ ಜೈಲಾಯಿತು. 1949ರಲ್ಲಿ ಬಂದ ಕಾಯಿದೆ ಸಾರ್ವಜನಿಕ ಕಾಲುದಾರಿಗಳನ್ನು ನಕಾಶೆಯಲ್ಲಿ ದಾಖಲಿಸುವ ಹೊಣೆಯನ್ನು ಅಲ್ಲಿಯ ಜಿಲ್ಲಾ ಮಂಡಳಿಗಳಿಗೆ ಹೊರಿಸಿತು. ಅವರು ನಡೆದದ್ದು ರವಿವಾರದ ಹವೆಗಾಗಿ, ನಮ್ಮವರು ನಡೆದದ್ದು ಸೋಮವಾರದ ಒಲೆಗಾಗಿ. ನಮ್ಮಲ್ಲಿಯೂ 2006ರ ಅರಣ್ಯ ಹಕ್ಕು ಕಾಯಿದೆ ಮೇವು, ಕಿರು ಉತ್ಪನ್ನಗಳ ಸಮುದಾಯದ ಹಕ್ಕನ್ನು ಒಪ್ಪಿದೆ. ಅದನ್ನು ಕೇಳಿ ಪಡೆಯುವುದು ಗ್ರಾಮಸಭೆಯಿಂದ ಶುರುವಾಗಬೇಕು.

ಈಗ ಹಳ್ಳಿಗಳಿಗೂ ಗ್ಯಾಸು ಬಂದಿದೆ. 2016ರ ಉಜ್ವಲಾ ಯೋಜನೆಯಿಂದ ಬಹಳ ಮನೆಗಳ ಹೊಗೆ ಕಡಿಮೆಯಾಯಿತು. ಬಹಳ ಒಳ್ಳೆಯದಾಯಿತು. ಹೊರೆ ಹೊತ್ತು ಕುತ್ತಿಗೆ ಸವೆದವರನ್ನು ಮತ್ತೆ ಹೊರಿರಿ ಎನ್ನುವುದು ಕಲ್ಲೆದೆಯ ಮಾತು. ಆದರೆ ಹೊರೆ ಇಳಿದಲ್ಲಿ ದಾರಿಗೆ ಲಂಟಾನ ಕವಿಯುತ್ತದೆ, ಬದು ಒಳಗೆ ಸರಿಯುತ್ತದೆ, ತಂತಿಬೇಲಿ ಬರುತ್ತದೆ. ಹೀಗೆ 20 ವರ್ಷ ಕಳೆದರೆ ಇಂದು ಹತ್ತು ವರ್ಷದ ಹುಡುಗಿ ಮೂವತ್ತರವಳಾಗಿರುತ್ತಾಳೆ. ಅಲ್ಲೊಂದು ದಾರಿಯಿತ್ತು ಎಂದು ಆಕೆಗೆ ಹೇಳುವವರೂ ಇರಲಿಕ್ಕಿಲ್ಲ.

ನಮ್ಮ ಕೈಲಾದದ್ದು ಸಣ್ಣದಿದೆ, ಆದರೆ ಇದೆ. ಬೇಸಿಗೆ ಸೂಟಿಗೆ ಮಕ್ಕಳನ್ನು ಕರಕೊಂಡು ಊರಿಗೆ ಹೋದಾಗ ಗುಡ್ಡದ ದಾರಿ ಹಿಡಿಯಿರಿ. ಮನೆಯ ಹಿರಿಯ ಹೆಣ್ಣುಮಗಳನ್ನು ಮುಂದೆ ಬಿಟ್ಟು, ಪ್ರತಿ ಕವಲಿಗೂ ಹೆಸರು ಕೇಳಿರಿ. ಮೊಮ್ಮಗ ಚಿತ್ರ ಬರೆಯಲಿ, ಮೊಮ್ಮಗಳು ಹೆಸರು ಬರೆಯಲಿ. ಆ ಹಾಳೆಯನ್ನು ಗ್ರಾಮ ನಕಾಶೆಯ ಪಕ್ಕಕ್ಕಿಟ್ಟು ನೋಡಿರಿ. ಚುಕ್ಕೆಗೆರೆ ಇಲ್ಲದ ದಾರಿ ಯಾವುದೆಂದು ಆಗ ತಿಳಿಯುತ್ತದೆ. ಪಂಚಾಯತಿಯ ಕಟ್ಟೆಗೆ ಅದನ್ನು ಒಯ್ಯುವವರು ಊರಲ್ಲಿ ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ಸಿಗದಿದ್ದರೆ ನೀವೇ ಒಯ್ಯಿರಿ.