ಪ್ರಶ್ನೆಗಳೂ ಶಾಸನಗಳೇ

ವಾಚಕರೇ, ಚಾಮರಾಜನಗರ, ಗುಂಡ್ಲುಪೇಟೆಗಳ ದೇಗುಲಗಳನ್ನು ನೀವು ನೋಡಿರಬಹುದು. ಅರಸರು ಕೊಟ್ಟುದನ್ನು ಶಾಸನಗಳು ಸಾರುತ್ತವೆ. ಪ್ರಜೆಗಳಿಗೆ ಇಲ್ಲದಿದ್ದುದನ್ನು ಹೇಳುವುದು ವಿರಳ. 1818ರಲ್ಲಿ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಾಯಿತೆಂದು ಬಲ್ಲೆವು. ಆಗ ಊರವರು ಏನನ್ನು ಅರಸುತ್ತಿದ್ದರೆಂದು ಅರಿಯೆವು.

ಇಂದು ಜನರ ಪ್ರಶ್ನೆಗಳೇ ಅಂತರ್ಜಾಲದಲ್ಲಿ ದಾಖಲಾಗುತ್ತಿವೆ. ಆಯಾ ವರ್ಷ ಹಠಾತ್ತನೆ ಏರಿದ ಹುಡುಕಾಟಗಳ ಪಟ್ಟಿಯನ್ನು ಗೂಗಲ್ ಪ್ರಕಟಿಸುತ್ತದೆ. ಭಾರತದ 2021ರ ಪಟ್ಟಿಯಲ್ಲಿ ಮೊದಲನೆಯದು ಐ.ಪಿ.ಎಲ್. ಕ್ರಿಕೆಟ್. ಆದರೆ ‘ಹೇಗೆ’ ಎಂಬ ಪ್ರಶ್ನೆಗಳ ಸಾಲಿನಲ್ಲಿ, ಮನೆಯಲ್ಲೇ ಆಮ್ಲಜನಕ ತಯಾರಿಸುವುದು ಹೇಗೆ ಎಂಬುದೂ ಇತ್ತು. ಅದೇ ವರ್ಷ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವವಾಯಿತು. ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡರು.

ಆಟವನ್ನು ಹುಡುಕಿದ ಜನರೇ ಉಸಿರನ್ನೂ ಹುಡುಕಿದರು. ಫೋನಿಲ್ಲದವರ ಪ್ರಶ್ನೆ ಅಲ್ಲಿಯೂ ಬರೆಯಲ್ಪಡಲಿಲ್ಲ. ಮುಂದಿನ ಚರಿತ್ರಕಾರರು ಇದನ್ನು ಮರೆಯಬಾರದು.