ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು
ಶಾಲೆ, ಕಾಲೇಜು ಮತ್ತು ವೃತ್ತಿತರಬೇತಿಯ ಕಲಿಕೆಯನ್ನು ಒಂದೇ ಅಳತೆಯಲ್ಲಿ ಎಣಿಸಿ, ಪದವಿಗೆ ಜಮೆ ಮಾಡಲು ಭಾರತ ಸರ್ಕಾರ ರೂಪಿಸಿದ ವ್ಯವಸ್ಥೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿದ ಇದರ ವರದಿ 2023ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು.

ಲೆಕ್ಕ: 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್, ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್. ಪಾಠದ ಜೊತೆಗೆ ಪ್ರಯೋಗಾಲಯ, ಕಾರ್ಯಾಗಾರ, ಉದ್ಯೋಗ ತರಬೇತಿಯ ಅವಧಿಯೂ ಸೇರುತ್ತದೆ. ಹೀಗೆ 300 ಗಂಟೆಗಳ ವೆಲ್ಡಿಂಗ್ ತರಬೇತಿ 10 ಕ್ರೆಡಿಟ್‌ಗೆ ಸಮ. ಆದರೆ ಹಾಜರಾತಿಯೊಂದೇ ಸಾಲದು, ಮೌಲ್ಯಮಾಪನದಲ್ಲಿ ತೇರ್ಗಡೆಯಾಗಲೇಬೇಕು.

ಸಂಗ್ರಹ: ಗಳಿಸಿದ ಕ್ರೆಡಿಟ್‌ಗಳು 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ವೈಯಕ್ತಿಕ ಖಾತೆಗೆ ಸೇರುತ್ತವೆ. ಒಮ್ಮೆ ಒಂದು ಪದವಿಗೆ ಬಳಸಿದ ಕ್ರೆಡಿಟ್ಟನ್ನು ಮತ್ತೊಂದಕ್ಕೆ ಬಳಸುವಂತಿಲ್ಲ. ಎಷ್ಟನ್ನು ಒಪ್ಪಬೇಕೆಂಬುದು ಪದವಿ ನೀಡುವ ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು. ಸೇರುವ ಮೊದಲೇ ವಿಚಾರಿಸುವುದು ಒಳಿತು.

ಕರ್ನಾಟಕದಲ್ಲಿ: ಇದಕ್ಕೂ ಹಳೆಯ ದಾರಿ ಲ್ಯಾಟರಲ್ ಪ್ರವೇಶ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು.

ಮಹತ್ವ: ಬೇಗನೆ ದುಡಿಮೆಗಿಳಿದವರ ಕೈಕಸುಬಿಗೆ ವಿದ್ಯೆಯ ಮನ್ನಣೆ ದೊರೆಯುವುದೇ ಇದರ ದೊಡ್ಡ ಲಾಭ.